ಸುತ್ತಲೂ ಸಮುದ್ರ ಇರುವ ಮಾಲೆಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ?

ಪ್ರಶ್ನೆ: ಮಾಲ್ಡೀವ್ಸ್ ಫೋಟೊಗಳಲ್ಲಿ ಎಲ್ಲಿ ನೋಡಿದರೂ ಸಮುದ್ರವೇ. ಹೊಳೆ, ಕೆರೆ ಒಂದೂ ಕಾಣುವುದಿಲ್ಲ. ಹಾಗಾದರೆ ರಾಜಧಾನಿ ಮಾಲೆಯ ಜನ ಕುಡಿಯುವ ನೀರಿಗೆ ಏನು ಮಾಡುತ್ತಾರೆ?

ಸಮುದ್ರದ ನೀರಿನಿಂದಲೇ ಉಪ್ಪು ತೆಗೆದು ಬಳಸುತ್ತಾರೆ. ಮಾಲೆಯ ಮನೆಗಳ ನಲ್ಲಿಯಲ್ಲಿ ಬರುವುದು ಅದೇ ನೀರು. ಆದರೆ ಮೊದಲಿಂದಲೂ ಹೀಗಿರಲಿಲ್ಲ.

ಮಾಲ್ಡೀವ್ಸ್‌ನಲ್ಲಿ ಹೊಳೆ ಹುಟ್ಟುವುದಕ್ಕೆ ಬೆಟ್ಟವೇ ಇಲ್ಲ. ಸುಮಾರು 1,200 ಹವಳದ ದ್ವೀಪಗಳಿವೆ, ಊರುಗಳಿರುವುದು 200ಕ್ಕೂ ಕಡಿಮೆ ದ್ವೀಪಗಳಲ್ಲಿ. ನೆಲವನ್ನೆಲ್ಲ ಒಟ್ಟು ಸೇರಿಸಿದರೂ 300 ಚದರ ಕಿ.ಮೀ. ಆಸುಪಾಸು. ಅದರಲ್ಲೂ ಹೆಚ್ಚಿನ ಭಾಗ ಸಮುದ್ರಮಟ್ಟದಿಂದ ಒಂದು ಮೀಟರ್ ಎತ್ತರವನ್ನೂ ದಾಟುವುದಿಲ್ಲ.

ಇಂಥ ನೆಲದಲ್ಲೂ ಬಾವಿ ತೋಡಿದರೆ ಸಿಹಿನೀರು ಸಿಗುತ್ತಿತ್ತು. ಮಳೆನೀರು ಹವಳದ ಮರಳಿನಲ್ಲಿ ಇಂಗಿ ಕೆಳಗಿಳಿಯುತ್ತದೆ. ಅಲ್ಲಿ ಮೊದಲೇ ಸಮುದ್ರದ ನೀರು ಇರುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಹಾಗಾಗಿ ಅದರ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಒಂದೆರಡು ಮೀಟರ್ ಅಗೆದರೆ ಸಾಕು, ನೀರು ಕೈಗೆ ಸಿಗುತ್ತದೆ. ಮನೆಯ ಹಿತ್ತಲಲ್ಲಿ, ಮಸೀದಿಯ ಅಂಗಳದಲ್ಲಿ ಇಂಥ ಬಾವಿಗಳಿದ್ದವು. ನೂರಾರು ವರ್ಷ ಜನ ಬದುಕಿದ್ದು ಇದೇ ನೀರಿನಲ್ಲಿ.

ಮಾಲೆಯಲ್ಲಿ ಈ ಲೆಕ್ಕ ತಪ್ಪಿತು. ಊರು ಇರುವುದೇ 2 ಚದರ ಕಿ.ಮೀ.ನಷ್ಟು, ಈ ತುದಿಯಿಂದ ಆ ತುದಿಗೆ ಅರ್ಧ ಗಂಟೆಯಲ್ಲಿ ನಡೆದುಬಿಡಬಹುದು. ಓದು, ಕೆಲಸ, ಆಸ್ಪತ್ರೆ ಅಂತ ಎಲ್ಲ ದ್ವೀಪಗಳಿಂದ ಜನ ಅಲ್ಲಿಗೇ ಬಂದರು. ಮಳೆ ತುಂಬಿಸುವುದಕ್ಕಿಂತ ಜಾಸ್ತಿ ನೀರು ಎತ್ತಿದರೆ ಕೆಳಗಿನ ಉಪ್ಪುನೀರು ಮೇಲೆ ಬರುತ್ತದೆ, ಅಲ್ವಾ? ಆದದ್ದೂ ಅದೇ. ಮನೆಗಳ ಕೊಳಚೆಯೂ ಅದೇ ಮರಳಿಗೆ ಇಂಗುತ್ತಿತ್ತು. 1978ರಲ್ಲಿ ಕಾಲರಾ ಹರಡಿತು.

1980ರ ದಶಕದ ಕೊನೆಗೆ ಉಪ್ಪು ತೆಗೆಯುವ ಯಂತ್ರ ಬಂತು. 1995ರಲ್ಲಿ ಮಾಲೆಗೆಂದೇ ನೀರು ಮತ್ತು ಒಳಚರಂಡಿ ಕಂಪನಿ ಶುರುವಾಯಿತು. ನಮ್ಮ ಅಡುಗೆಮನೆಯ ಆರ್‌ಒ ಮೆಷಿನ್ ಕೆಲಸ ಮಾಡುವ ರೀತಿಯೇ ಇಲ್ಲಿಯದೂ. ಆದರೆ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದನ್ನು ಬೇರ್ಪಡಿಸಲು ಗಾಳಿಯ ಒತ್ತಡದ 50ರಿಂದ 70 ಪಟ್ಟು ಒತ್ತಡದಲ್ಲಿ ನೀರನ್ನು ಪೊರೆಯ ಮೂಲಕ ತಳ್ಳಬೇಕು. ಅರ್ಧಕ್ಕಿಂತ ಹೆಚ್ಚು ನೀರು ಇನ್ನಷ್ಟು ಉಪ್ಪಾಗಿ ವಾಪಸ್ ಸಮುದ್ರಕ್ಕೇ ಹೋಗುತ್ತದೆ. ಇಷ್ಟಕ್ಕೆಲ್ಲ ಕರೆಂಟ್ ಬೇಕು. ಅಲ್ಲಿ ಕರೆಂಟ್ ತಯಾರಾಗುವುದು ಬಹುಪಾಲು ಹಡಗಿನಲ್ಲಿ ತರಿಸಿದ ಡೀಸೆಲ್‌ನಿಂದ.

ಈ ವ್ಯವಸ್ಥೆಗೆ ಪೆಟ್ಟು ಬಿದ್ದರೆ ಏನಾಗುತ್ತದೆ ಅನ್ನುವುದು 2014ರ ಡಿಸೆಂಬರ್ 4ರಂದು ಗೊತ್ತಾಯಿತು. ನೀರು ಕಂಪನಿಯ ಸ್ಥಾವರದಲ್ಲಿ ಬೆಂಕಿ ಬಿದ್ದು ಸುಮಾರು ಒಂದು ಲಕ್ಷ ಜನರ ನಲ್ಲಿ ನಿಂತುಹೋಯಿತು. ಬಾಟಲಿ ನೀರಿಗೆ ಅಂಗಡಿಗಳ ಮುಂದೆ ಸಾಲು ಬೆಳೆಯಿತು. ಬದಲಿಗೆ ಹೋಗಿ ಸೇದಲು ಕುಡಿಯುವಂಥ ಬಾವಿ ಇರಲಿಲ್ಲ. ಭಾರತ ಮರುದಿನವೇ ವಿಮಾನಗಳಲ್ಲಿ ನೀರು ಕಳಿಸಿತು. ನೌಕಾಪಡೆಯ ಸುಕನ್ಯಾ ಮತ್ತು ದೀಪಕ್ ಹಡಗುಗಳೂ ಹೋದವು. ಆ ಕಾರ್ಯಾಚರಣೆಯ ಹೆಸರು ‘ಆಪರೇಷನ್ ನೀರ್’.

ರೆಸಾರ್ಟ್‌ಗಳಿಗೆ ಈ ಚಿಂತೆ ಕಡಿಮೆ. ಸಾಮಾನ್ಯವಾಗಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್, ಅವುಗಳದ್ದೇ ಸ್ವಂತ ಯಂತ್ರ ಇರುತ್ತದೆ.

ನನಗೆ ಮನಸ್ಸು ಹೋಗುವುದು ಮಾಲೆಯಿಂದ ದೂರದ ಸಣ್ಣ ದ್ವೀಪಗಳ ಕಡೆಗೆ. ಅಲ್ಲಿ ಚಾವಣಿಯ ಮಳೆನೀರನ್ನು ಟ್ಯಾಂಕಿಗೆ ಹಿಡಿದಿಟ್ಟು ಕುಡಿಯುತ್ತಾರೆ. ಜನವರಿಯಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಲ್ಲಿ ಟ್ಯಾಂಕ್ ಖಾಲಿಯಾದರೆ ಸರ್ಕಾರ ದೋಣಿಯಲ್ಲಿ ನೀರು ಕಳಿಸಬೇಕು. 2004ರ ಸುನಾಮಿಯಲ್ಲಿ ಎಷ್ಟೋ ಬಾವಿಗಳಿಗೆ ಸಮುದ್ರ ನುಗ್ಗಿ ನೀರು ಕೆಟ್ಟಿತು. ಮಾಲ್ಡೀವ್ಸ್ ಯಾವಾಗ ಮುಳುಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಸಮುದ್ರ ಏರಿದಂತೆ ನೆಲ ಮುಳುಗುವ ಎಷ್ಟೋ ಮೊದಲೇ ಈ ಬಾವಿಗಳು ಉಪ್ಪಾಗುತ್ತವೆ. ಅದಕ್ಕೇ ಈಗ ಸಣ್ಣ ದ್ವೀಪಗಳಿಗೂ ನಲ್ಲಿ, ಒಳಚರಂಡಿ ಹಾಕಿಸುವ ಕೆಲಸ ನಡೆದಿದೆ. ಭಾರತದ ಸಾಲದ ನೆರವಿನಿಂದ 28 ದ್ವೀಪಗಳಲ್ಲಿ ಮಾಡಿದ ಇಂಥ ಕಾಮಗಾರಿಯನ್ನು 2024ರ ಆಗಸ್ಟ್‌ನಲ್ಲಿ ಹಸ್ತಾಂತರಿಸಲಾಯಿತು.