ಬಿಳಿ ಶಂಖದ ಬಣ್ಣ: ಸೆರಾ ಮಠದ ತರ್ಕದ ಪಾಠದಿಂದ ‘ನಾನು’ ಎಂಬ ಪ್ರಶ್ನೆಗೆ

ಬೈಲಕುಪ್ಪೆಗೆ ಹೋದವರಲ್ಲಿ ಹೆಚ್ಚಿನವರು ಗೋಲ್ಡನ್ ಟೆಂಪಲ್ ನೋಡಿ ವಾಪಸಾಗುತ್ತಾರೆ. ಬೌದ್ಧ ತತ್ವಶಾಸ್ತ್ರ ಓದುವ ಆಸೆ ಇದ್ದವರು ಅಲ್ಲೇ ಇರುವ ಸೆರಾ ಮಠದ ವಾದದ ಅಂಗಳವನ್ನೂ, ಅಂದರೆ ಭಿಕ್ಷುಗಳು ತರ್ಕದ ಪ್ರಶ್ನೋತ್ತರ ನಡೆಸುವ ಜಾಗವನ್ನೂ, ನೋಡಬೇಕು. ಸೆರಾ 1419ರಲ್ಲಿ ಟಿಬೆಟ್‌ನ ಲಾಸಾ ಬಳಿ ಶುರುವಾದ ಮಠ. 1959ರ ನಂತರ ಭಾರತಕ್ಕೆ ಬಂದ ಭಿಕ್ಷುಗಳು ಅದನ್ನು ಇಲ್ಲಿ ಮತ್ತೆ ಕಟ್ಟಿದರು. ಇಲ್ಲಿನ ಬೌದ್ಧ ತತ್ವಶಾಸ್ತ್ರದ ಉನ್ನತ ಪದವಿಯಾದ ಗೆಶೆಗೆ ಸುಮಾರು 20 ವರ್ಷ ಓದಬೇಕು. ಮುಂಡಗೋಡಿನ ಡ್ರೆಪುಂಗ್, ಗಾಂಡೆನ್ ಮಠಗಳಲ್ಲೂ ಇದೇ ಕ್ರಮ. 2016ರಲ್ಲಿ ಅಲ್ಲೇ 20 ಭಿಕ್ಷುಣಿಯರು ಗೆಶೆಮಾ, ಅಂದರೆ ಮಹಿಳೆಯರ ಗೆಶೆ ಪದವಿ ಪಡೆದರು. ನೆನೆದರೆ ಈಗಲೂ ಖುಷಿಯಾಗುತ್ತದೆ.

ತರ್ಕದ ಮೊದಲ ಪಾಠ ಬಣ್ಣಗಳದ್ದು. ಉತ್ತರ ಕೊಡುವವರು ಕೂತಿರುತ್ತಾರೆ. ಪ್ರಶ್ನೆ ಹಾಕುವವರು ನಿಂತು, ಚಪ್ಪಾಳೆ ತಟ್ಟಿ ಕೇಳುತ್ತಾರೆ. ಕೂತವರು “ಬಣ್ಣವಾದದ್ದೆಲ್ಲ ಕೆಂಪು” ಅಂತ ಒಪ್ಪಿಕೊಂಡಿದ್ದಾರೆ ಅನ್ನಿ. ನಿಂತವರು ಹೇಳುತ್ತಾರೆ: “ಹಾಗಾದರೆ ಬಿಳಿ ಶಂಖದ ಬಣ್ಣವೂ ಕೆಂಪಾಗಬೇಕು, ಯಾಕೆಂದರೆ ಅದು ಬಣ್ಣ.”

ಹೀಗೆ ಕಾರಣ ಕೊಟ್ಟು ಕೇಳಿದಾಗ ಮೂರು ಉತ್ತರಗಳಿಗೆ ಮಾತ್ರ ಅವಕಾಶ. “ಒಪ್ಪಿದೆ” ಎನ್ನಬಹುದು. “ಹೇತು ಸಿದ್ಧವಾಗಿಲ್ಲ” ಎನ್ನಬಹುದು, ಅಂದರೆ ಕೊಟ್ಟ ಕಾರಣವೇ ಸರಿಯಿಲ್ಲ, ಅದು ಬಣ್ಣವೇ ಅಲ್ಲ. ಇಲ್ಲವೇ “ವ್ಯಾಪ್ತಿ ಇಲ್ಲ” ಎನ್ನಬಹುದು, ಅಂದರೆ ಬಣ್ಣವಾದ ಮಾತ್ರಕ್ಕೆ ಕೆಂಪಾಗಬೇಕಿಲ್ಲ. ಸರಿಯಾದ ಉತ್ತರ ಮೂರನೆಯದು. ಆದರೆ ಅದನ್ನು ಹೇಳಿದರೆ ತಾವು ಮೊದಲು ಒಪ್ಪಿದ ಮಾತೇ ಬಿದ್ದುಹೋಗುತ್ತದೆ. ಒಪ್ಪಿದರೆ ಕಣ್ಣೆದುರಿನ ಬಿಳಿಯನ್ನು ಕೆಂಪು ಎಂದಂತೆ. ಬಣ್ಣವೇ ಅಲ್ಲ ಎಂದರೆ “ಬಣ್ಣವೇ, ಯಾಕೆಂದರೆ ಬಿಳಿ” ಎಂಬ ಮಾತು ತಕ್ಷಣ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಶಂಖ ಬೇರೆ, ಶಂಖದ ಬಣ್ಣ ಬೇರೆ. ಈ ಪಾಠದ ಲೆಕ್ಕದಲ್ಲಿ ಬಿಳಿ ಶಂಖ ಒಂದು ಬಣ್ಣ ಅಲ್ಲ. ಒಬ್ಬರೇ ಓದುವಾಗ ಇಂಥದ್ದನ್ನು ಸುಮ್ನೆ ದಾಟಿಬಿಡುತ್ತೇವೆ. ಎದುರಿಗೆ ನುರಿತ ಗುರು ಇದ್ದರೆ ಅಲ್ಲೇ ತಡೆದು “ಯಾವುದರ ಬಗ್ಗೆ ಹೇಳ್ತಿದ್ದೀರಿ?” ಅಂತ ಕೇಳುತ್ತಾರೆ. ಈ ತಡೆಯುವವರಿಗಾಗಿಯೇ ಗುರುವಿನ ಹತ್ತಿರ ಹೋಗಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಇದೇ ಸಲಕರಣೆ ಮುಂದೆ ಮಾಧ್ಯಮಕ, ಅಂದರೆ ಯಾವುದಕ್ಕೂ ತನ್ನದೇ ಆದ ಸ್ವತಂತ್ರ ಇರುವಿಕೆ ಇಲ್ಲ ಎನ್ನುವ ಬೌದ್ಧ ದರ್ಶನ ಓದುವಾಗ ಕೈಗೆ ಬರುತ್ತದೆ. ಅಲ್ಲಿನ ಮುಖ್ಯ ಪಠ್ಯ ಭಾರತದ ಬೌದ್ಧ ಆಚಾರ್ಯ ಚಂದ್ರಕೀರ್ತಿಯ ಮಧ್ಯಮಕಾವತಾರ. ಅದರಲ್ಲಿ ‘ನಾನು’ ಎಲ್ಲಿದ್ದೇನೆ ಎಂದು ರಥದ ಉದಾಹರಣೆ ಇಟ್ಟುಕೊಂಡು ಏಳು ರೀತಿಯಲ್ಲಿ ಹುಡುಕುತ್ತಾರೆ. ಅವುಗಳಲ್ಲಿ ಎರಡನ್ನು ನೋಡಿ. ದೇಹ, ವೇದನೆ (ಸುಖದುಃಖದ ಅನುಭವ) ಮುಂತಾದ ಐದು ಸ್ಕಂಧಗಳೇ, ಅಂದರೆ ಮನುಷ್ಯ ಎನಿಸುವ ಐದು ಗುಂಪುಗಳೇ ನಾನು ಎಂದರೆ ಐದು ‘ನಾನು’ ಇರಬೇಕಾಗುತ್ತದೆ. ಅವುಗಳಿಂದ ಪೂರ್ತಿ ಬೇರೆ ಎಂದರೆ ಅವನ್ನೆಲ್ಲ ಬದಿಗಿಟ್ಟ ಮೇಲೂ ನಾನು ಸಿಗಬೇಕು. ಸಿಗುವುದಿಲ್ಲ.

ಮೊದಲು ಗುರುವಿನಿಂದ ಕೇಳುವುದು, ಆಮೇಲೆ ತರ್ಕದಿಂದ ಯೋಚಿಸುವುದು, ನಂತರ ಧ್ಯಾನ. ಕ್ರಮ ಇದು. ಧ್ಯಾನಕ್ಕೆ ಕೂತಾಗಲೂ ಮೊದಲು ಇದೇ ಹುಡುಕಾಟ ನಡೆಸಿ, ಸಿಗದಿದ್ದಾಗ ಆ ಅರಿವಿನಲ್ಲೇ ಮನಸ್ಸನ್ನು ನಿಲ್ಲಿಸುತ್ತಾರೆ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಸಿಗಲಿಲ್ಲ, ಹಾಗಾಗಿ ನಾನು ಇಲ್ಲವೇ ಇಲ್ಲ, ಪಾಪ ಪುಣ್ಯ ಯಾವುದೂ ಇಲ್ಲ ಎಂದುಕೊಂಡುಬಿಡುತ್ತಾರೆ. ಇದಕ್ಕೆ ಅಂಗಳದ ಉತ್ತರ: “ವ್ಯಾಪ್ತಿ ಇಲ್ಲ.” ಹುಡುಕಿದಾಗ ಸಿಗದ್ದೆಲ್ಲ ಇಲ್ಲವೇ ಇಲ್ಲ ಎಂದಾಗುವುದಿಲ್ಲ. ಬಿಡಿಭಾಗಗಳಲ್ಲಿ ಹುಡುಕಿದರೆ ರಥವೂ ಸಿಗುವುದಿಲ್ಲ. ಆದರೂ ಅವುಗಳನ್ನು ಆಧರಿಸಿ ಲೋಕ ಅದನ್ನು ರಥ ಎನ್ನುತ್ತದೆ, ಜನ ಅದರಲ್ಲಿ ಓಡಾಡುತ್ತಾರೆ.