ಐಡಿಯಾ ಹುಡುಗರದ್ದು, ಪಾಲು ಯಾರದ್ದು?

2009ರಲ್ಲಿ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಐಫೋನ್‌ಗೆ ಒಂದು ಆ್ಯಪ್ ಮಾಡಿದರು. ಹತ್ತಿರದಲ್ಲಿ ಬಾಡಿಗೆ ಮನೆ ಎಲ್ಲಿದೆ ಅಂತ ತೋರಿಸುವ ಆ್ಯಪ್ ಅದು. ಕಾಲೇಜಿನ ಸ್ಪರ್ಧೆಗೆ ಅಂತ ಮಾಡಿದ್ದು, ಜನ ಮುಗಿಬಿದ್ದು ಡೌನ್‌ಲೋಡ್ ಮಾಡಿಕೊಂಡರು. ಆಮೇಲೆ ವಿಶ್ವವಿದ್ಯಾಲಯದ ಬೇಡಿಕೆ ಬಂತು: ಮಾಲೀಕತ್ವದಲ್ಲಿ ಕಾಲು ಭಾಗ ನಮಗೆ, ಲಾಭದಲ್ಲಿ ಮೂರರಲ್ಲಿ ಎರಡು ಪಾಲು ನಮಗೆ. ಹುಡುಗರು ಒಪ್ಪಲಿಲ್ಲ. ಕೊನೆಗೆ ವಿಶ್ವವಿದ್ಯಾಲಯವೇ ಹಿಂದೆ ಸರಿದು ನಿಯಮ ಬದಲಿಸಿತು. ಸ್ಪರ್ಧೆಯಲ್ಲಿ, ಕ್ಲಬ್ಬಿನಲ್ಲಿ ಅಥವಾ ಸ್ವಂತ ಉತ್ಸಾಹದಿಂದ ಮಾಡಿದ್ದು ವಿದ್ಯಾರ್ಥಿಯದ್ದು, ಪ್ರೊಫೆಸರ್ ಕೈಕೆಳಗೆ ಅನುದಾನದ ದುಡ್ಡಲ್ಲಿ ಮಾಡಿದ್ದರ ಲೆಕ್ಕ ಬೇರೆ ಅಂತ.

ವಿದ್ಯಾರ್ಥಿಗಳನ್ನು ಉದ್ಯಮಿಗಳನ್ನಾಗಿ ಮಾಡ್ತೀವಿ ಅಂತ ಹೇಳದ ತಾಂತ್ರಿಕ ಕಾಲೇಜು ಈಗ ಸಿಗುವುದೇ ಕಷ್ಟ. ಹೊಸ ಕಂಪನಿಗಳಿಗೆ ಜಾಗ, ನೆರವು ಕೊಟ್ಟು ಬೆಳೆಸುವ ಇನ್‌ಕ್ಯುಬೇಟರ್ ಇದೆ, ಸ್ಪರ್ಧೆ ಇದೆ, ಗಾಜಿನ ಗೋಡೆಯ ಒಂದು ಹಾಲ್ ಇದೆ. ನನಗೆ ಅನಿಸುವುದು ಇಷ್ಟು: ಕಟ್ಟಡ, ಬಹುಮಾನ ಎರಡನ್ನೂ ಕಾಲೇಜುಗಳು ಸಲೀಸಾಗಿ ಕೊಡುತ್ತವೆ. ಮಾಲೀಕತ್ವ ಮತ್ತು ಸಮಯದ ಮಾತು ಬಂದಾಗ ಮಾತ್ರ ಕೈ ಹಿಂದೆ ಹೋಗುತ್ತದೆ. ಇದು ಇವತ್ತಿನ ರೋಗವಲ್ಲ.

ಕಾಲೇಜಿನಿಂದ ಕಂಪನಿ ಹುಟ್ಟುವ ಕತೆಯನ್ನು ಎಲ್ಲರೂ ಶುರು ಮಾಡುವುದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ. ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ, ಆದರೆ ಎಲ್ಲರೂ ಹೇಳುವ, ಎಚ್‌ಪಿ ಕಂಪನಿ ಹುಟ್ಟಿದ ಗ್ಯಾರೇಜಿನಿಂದ ಅಲ್ಲ, ಮೇಷ್ಟ್ರಿಂದ. 1930ರ ದಶಕದಲ್ಲಿ ಅಲ್ಲಿ ಫ್ರೆಡ್ರಿಕ್ ಟರ್ಮನ್ ಎಂಬ ರೇಡಿಯೊ ಎಂಜಿನಿಯರಿಂಗ್ ಪ್ರೊಫೆಸರ್ ಇದ್ದರು. ತಾವು ಕಲಿಸಿದ ಜಾಣ ಹುಡುಗರೆಲ್ಲ ಕೆಲಸಕ್ಕೆ ಅಂತ ದೇಶದ ಪೂರ್ವ ತೀರಕ್ಕೆ ಹೋಗಿಬಿಡುತ್ತಾರಲ್ಲ ಅನ್ನುವುದು ಅವರ ಕೊರಗು. ಡೇವಿಡ್ ಪ್ಯಾಕರ್ಡ್ ಕೂಡ ಹಾಗೇ ಜನರಲ್ ಎಲೆಕ್ಟ್ರಿಕ್ ಸೇರಿದ್ದರು. ಟರ್ಮನ್ ಸುಮ್ನೆ ಕೂರಲಿಲ್ಲ, ಅವರಿಗೊಂದು ಫೆಲೋಶಿಪ್ ಹೊಂದಿಸಿ ವಾಪಸ್ ಕರೆಸಿದರು. ಇನ್ನೊಬ್ಬ ಶಿಷ್ಯ ಬಿಲ್ ಹ್ಯೂಲೆಟ್ ಆಗ ಆಡಿಯೊ ಆಸಿಲೇಟರ್ ಮೇಲೆ ಕೆಲಸ ಮಾಡುತ್ತಿದ್ದರು. ನಿಖರವಾದ ಧ್ವನಿ ತರಂಗ ಹುಟ್ಟಿಸುವ, ಉಪಕರಣಗಳ ಪರೀಕ್ಷೆಗೆ ಬೇಕಾದ ಯಂತ್ರ ಅದು. ಅದರ ಸಿಗ್ನಲ್ ಹೊಯ್ದಾಡದ ಹಾಗೆ ಹಿಡಿದಿಡಲು ಹ್ಯೂಲೆಟ್ ಬಳಸಿದ್ದು ಒಂದು ಪುಟ್ಟ ಲೈಟ್ ಬಲ್ಬ್! ಇದನ್ನು ಮಾರಿ ನೋಡಿ ಅಂತ ಮೇಷ್ಟ್ರು ಬೆನ್ನು ತಟ್ಟಿದರು. 1939ರಲ್ಲಿ 538 ಡಾಲರ್ ಬಂಡವಾಳದಲ್ಲಿ ಇಬ್ಬರ ಹ್ಯೂಲೆಟ್-ಪ್ಯಾಕರ್ಡ್, ಅಂದರೆ ಎಚ್‌ಪಿ ಕಂಪನಿ ಶುರುವಾಯಿತು. ಮೊದಲ ದೊಡ್ಡ ಗಿರಾಕಿ ವಾಲ್ಟ್ ಡಿಸ್ನಿ ಸ್ಟುಡಿಯೊ, ಎಂಟು ಯಂತ್ರ ತೆಗೆದುಕೊಂಡಿತು.

ಇದರಲ್ಲಿ ಏನೇನು ಇತ್ತು ನೋಡಿ. ಶಿಷ್ಯರನ್ನು ಹೆಸರು ಹಿಡಿದು ಕರೆಯುವಷ್ಟು ಹತ್ತಿರದಿಂದ ಬಲ್ಲ ಮೇಷ್ಟ್ರು, ಹೊಟ್ಟೆಪಾಡಿಗೆ ಸಾಲುವಷ್ಟು ಫೆಲೋಶಿಪ್, ಮಾರಬಹುದಾದ ಒಂದು ವಸ್ತು, ದುಡ್ಡು ಕೊಡುವ ಗಿರಾಕಿ. ಇನ್‌ಕ್ಯುಬೇಟರ್ ಅನ್ನುವ ಪದವೇ ಈ ಅರ್ಥದಲ್ಲಿ ಹುಟ್ಟಿರಲಿಲ್ಲ.

ಆ ಪದ ಬಂದ ಕತೆ ಮಜವಾಗಿದೆ. ನ್ಯೂಯಾರ್ಕ್ ರಾಜ್ಯದ ಬಟೇವಿಯಾ ಎಂಬ ಊರಲ್ಲಿ ದೊಡ್ಡ ಕಾರ್ಖಾನೆಯೊಂದು ಮುಚ್ಚಿಹೋಗಿತ್ತು. 1959ರಲ್ಲಿ ಜೋಸೆಫ್ ಮಂಕೂಸೊ ಎಂಬುವವರು ಆ ಕಟ್ಟಡವನ್ನು ತುಂಡು ತುಂಡು ಮಾಡಿ ಸಣ್ಣ ಸಣ್ಣ ಉದ್ಯಮಗಳಿಗೆ ಬಾಡಿಗೆಗೆ ಕೊಡತೊಡಗಿದರು. ಬಾಡಿಗೆದಾರರಲ್ಲಿ ಒಂದು ಕೋಳಿಮರಿ ಕಂಪನಿಯೂ ಇತ್ತು. ಮರಿಗಳನ್ನು ನೋಡಿಯೇ ತಮಾಷೆಗೆ ಇನ್‌ಕ್ಯುಬೇಟರ್ ಅಂದರು, ಹೆಸರು ಅಂಟಿಕೊಂಡಿತು. ಅಂದರೆ ಮೂಲದಲ್ಲಿ ಅದು ಊರಿನ ನಿರುದ್ಯೋಗ ನೀಗಿಸುವ ಉಪಾಯವೇ ಹೊರತು ಕಾಲೇಜಿನ ಯೋಜನೆಯಲ್ಲ. ಕ್ಯಾಂಪಸ್ಸುಗಳು ಅದನ್ನು ಎತ್ತಿಕೊಂಡಿದ್ದು ಆಮೇಲೆ.

ಪಾಠದ ಕಡೆ ಹಾರ್ವರ್ಡ್ ಮೊದಲು ಕೈ ಹಾಕಿತು. 1947ರಲ್ಲಿ ಮೈಲ್ಸ್ ಮೇಸ್ ಅಲ್ಲಿ ಹೊಸ ಉದ್ಯಮ ಕಟ್ಟುವುದರ ಬಗ್ಗೆ ಒಂದು ಕೋರ್ಸ್ ಶುರು ಮಾಡಿದಾಗ 188 ಜನ ಸೇರಿದರು. ಎರಡನೇ ಮಹಾಯುದ್ಧ ಮುಗಿಸಿ ಬಂದವರಿಗೆ ಇನ್ನೊಬ್ಬರ ಕೈಕೆಳಗೆ ದುಡಿಯುವ ಮನಸ್ಸು ಅಷ್ಟಾಗಿ ಇರಲಿಲ್ಲ ಅಂತ ಕಾಣುತ್ತದೆ.

ನಿಜವಾದ ತಿರುವು 1980ರ ಡಿಸೆಂಬರ್‌ನಲ್ಲಿ ಬಂತು. ಅಲ್ಲಿಯವರೆಗೆ ಅಮೆರಿಕ ಸರ್ಕಾರದ ದುಡ್ಡಲ್ಲಿ ನಡೆದ ಸಂಶೋಧನೆಯ ಪೇಟೆಂಟ್ ಸಾಮಾನ್ಯವಾಗಿ ಸರ್ಕಾರಕ್ಕೇ ಹೋಗುತ್ತಿತ್ತು. ಸುಮಾರು 28,000 ಪೇಟೆಂಟ್ ಸರ್ಕಾರದ ಹತ್ತಿರ ಬಿದ್ದಿದ್ದವು, ಅವುಗಳಲ್ಲಿ ಉದ್ಯಮದ ಕೈಗೆ ಹೋಗಿದ್ದು ನೂರಕ್ಕೆ ಐದೂ ಇಲ್ಲ. ಬೇಯ್-ಡೋಲ್ ಕಾಯ್ದೆ ಬಂದ ಮೇಲೆ ವಿಶ್ವವಿದ್ಯಾಲಯಗಳೇ ಅಂಥ ಪೇಟೆಂಟ್ ಇಟ್ಟುಕೊಂಡು ಲೈಸೆನ್ಸ್ ಕೊಡಬಹುದಾಯಿತು. ಕ್ಯಾಂಪಸ್ಸುಗಳಲ್ಲಿ ಅದಕ್ಕಂತಲೇ ಕಚೇರಿಗಳು ಎದ್ದವು. ಸ್ಟ್ಯಾನ್‌ಫರ್ಡ್ ಅಂಥ ಕಚೇರಿಯನ್ನು 1970ರಲ್ಲೇ ತೆರೆದಿತ್ತು, ಬಿಡಿ.

ಫಲ ಸಿಕ್ಕಿದ್ದೂ ಉಂಟು. ಗೂಗಲ್‌ನ ಬೇರಾದ, ವೆಬ್ ಪುಟಗಳಲ್ಲಿ ಯಾವುದು ಮೊದಲು ಬರಬೇಕು ಅಂತ ಲೆಕ್ಕ ಹಾಕುವ ಪೇಜ್‌ರ‍್ಯಾಂಕ್ ಪೇಟೆಂಟ್ ಆಗ ಅಲ್ಲಿನ ವಿದ್ಯಾರ್ಥಿಯಾಗಿದ್ದ ಲ್ಯಾರಿ ಪೇಜ್ ಅವರ ಸಂಶೋಧನೆಯಾದರೂ ಅದರ ಒಡೆತನ ಸ್ಟ್ಯಾನ್‌ಫರ್ಡ್‌ದು. ಲೈಸೆನ್ಸ್‌ಗೆ ಬದಲಾಗಿ ವಿಶ್ವವಿದ್ಯಾಲಯ ಸುಮಾರು 18 ಲಕ್ಷ ಶೇರು ತೆಗೆದುಕೊಂಡಿತು, 2005ರಲ್ಲಿ ಅದನ್ನು ಮಾರಿದಾಗ ಬಂದಿದ್ದು 33.6 ಕೋಟಿ ಡಾಲರ್. ಈ ಅಂಕಿ ಕೇಳಿದ ಯಾವ ಕುಲಪತಿಗೆ ಆಸೆ ಆಗಲ್ಲ, ಹೇಳಿ?

ಆದರೆ ಆಸೆಗೂ ಬೆಲೆ ಇದೆ. ಯುರೋಪಿನ ಕೆಲವು ದೇಶಗಳಲ್ಲಿ ಸಂಶೋಧನೆಯ ಹಕ್ಕು ಪೂರ್ತಿಯಾಗಿ ಪ್ರೊಫೆಸರ್‌ಗೇ ಇರುತ್ತಿತ್ತು. ಅಮೆರಿಕವನ್ನು ನೋಡಿ ಜರ್ಮನಿ 2002ರಲ್ಲಿ, ನಾರ್ವೆ 2003ರಲ್ಲಿ ಅದನ್ನು ತೆಗೆದುಹಾಕಿ ಒಡೆತನವನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟವು. ಇದರಿಂದ ಸ್ಟಾರ್ಟಪ್ ಜಾಸ್ತಿ ಆಗಬೇಕಿತ್ತು ಅಲ್ವಾ? ನಾರ್ವೆಯ ಲೆಕ್ಕ ಹಿಡಿದು ನೋಡಿದ ಅರ್ಥಶಾಸ್ತ್ರಜ್ಞರಿಗೆ ಕಂಡಿದ್ದು ಉಲ್ಟಾ: ವಿಶ್ವವಿದ್ಯಾಲಯದ ಸಂಶೋಧಕರು ಶುರು ಮಾಡುವ ಕಂಪನಿಗಳೂ ಅವರ ಪೇಟೆಂಟ್‌ಗಳೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ತನ್ನದು ಅನ್ನುವ ಭಾವನೆ ಹೋದರೆ ರಾತ್ರಿ ಹನ್ನೆರಡರವರೆಗೆ ಕೂತು ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಪ್ರೊಫೆಸರ್ ಕತೆಯೇ ಹೀಗಾದರೆ, ವಕೀಲರ ಫೀಸು ಕೊಡಲು ಗತಿಯಿಲ್ಲದ ಇಪ್ಪತ್ತರ ಹುಡುಗಿ ಏನು ಮಾಡಬೇಕು.

ಇನ್ನು ಸ್ಪರ್ಧೆಗಳು. ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯಲ್ಲಿ 1990ರಲ್ಲಿ 10,000 ಡಾಲರ್ ಬಹುಮಾನದ ಸ್ಪರ್ಧೆ ಶುರುವಾಯಿತು, ಅದು ಬೆಳೆದು ಈಗ ಲಕ್ಷ ಡಾಲರ್‌ನದ್ದಾಗಿದೆ. ಮಾದರಿ ಪ್ರಪಂಚವೆಲ್ಲ ಹಬ್ಬಿತು. ಹಬ್ಬಿದಾಗ ಒಳ್ಳೆಯದರ ಜೊತೆ ಕೆಟ್ಟದ್ದೂ ಹೋಯಿತು. ಚೆಂದದ ಸ್ಲೈಡು ಮಾಡಿ ಐದು ನಿಮಿಷ ಮಾತಾಡುವುದೇ ಉದ್ಯಮ ಅಂತ ಹುಡುಗರು ನಂಬಿದರು. ಒಂದೇ ಐಡಿಯಾ ಹಿಡಿದು ಸ್ಪರ್ಧೆಯಿಂದ ಸ್ಪರ್ಧೆಗೆ ಅಲೆಯುವ, ಒಬ್ಬ ಗಿರಾಕಿಯ ಮುಖವನ್ನೂ ನೋಡದ ತಂಡಗಳು ಎಲ್ಲ ಕಡೆ ಇವೆ. ಇದಕ್ಕೆ ಮದ್ದಿನ ಹಾಗೆ ಸ್ವತಃ ಕಂಪನಿಗಳನ್ನು ಕಟ್ಟಿದ್ದ ಸ್ಟೀವ್ ಬ್ಲ್ಯಾಂಕ್ 2011ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೇರೆ ಥರದ ಕ್ಲಾಸು ಶುರು ಮಾಡಿದರು. ಪ್ಲಾನ್ ಬರೆಯುವುದು ಬಿಡಿ, ಕಟ್ಟಡದಿಂದ ಆಚೆ ಹೋಗಿ ಜನರನ್ನು ಮಾತಾಡಿಸಿ ಬನ್ನಿ ಅನ್ನುವುದೇ ಅಲ್ಲಿನ ಪಾಠ. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಇದನ್ನು ತನ್ನ ಸಂಶೋಧಕರಿಗೂ ತಂದಿತು. ಕೆಲವೇ ವಾರಗಳಲ್ಲಿ ನೂರರಷ್ಟು ಜನರ ಜೊತೆ ಮಾತಾಡಬೇಕು. ಲ್ಯಾಬ್ ಬಿಟ್ಟು ಹೊರಗೆ ಬಾರದವರಿಗೆ ಇದು ಶಿಕ್ಷೆಯೇ, ಆದರೆ ಕೆಲಸಕ್ಕೆ ಬರುವ ಶಿಕ್ಷೆ.

ಹಾಗಂತ ಓದುವಾಗಲೇ ಎಲ್ಲರೂ ಕಂಪನಿ ತೆರೆಯಬೇಕಾ? ಬೇಡ. ಅಮೆರಿಕದಲ್ಲಿ ಅತಿ ವೇಗವಾಗಿ ಬೆಳೆದ ಕಂಪನಿಗಳನ್ನು ಕಟ್ಟಿದವರ ಸರಾಸರಿ ವಯಸ್ಸು, ಶುರು ಮಾಡಿದಾಗ, 45. ನೆದರ್ಲೆಂಡ್ಸ್‌ನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳಿಂದ ಪುಟ್ಟ ಕಂಪನಿ ನಡೆಸಿ ನೋಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಕೋರ್ಸ್ ಮುಗಿದ ಮೇಲೆ ಉದ್ಯಮಿ ಆಗಬೇಕೆಂಬ ಆಸೆ ಅವರಲ್ಲಿ ಕಡಿಮೆಯಾಗಿತ್ತು! ಇದನ್ನು ಸೋಲು ಅಂತ ನಾನು ಹೇಳಲ್ಲ. ತನಗೆ ಆಗಲ್ಲ ಅನ್ನುವುದು ಸಾಲ ಮಾಡುವ ಮೊದಲೇ ಗೊತ್ತಾದರೆ ಒಳ್ಳೆಯದೇ ತಾನೇ.

ಉಳಿದದ್ದು ಸಮಯದ ಪ್ರಶ್ನೆ. ಇದು ಬಹುಮಾನಕ್ಕಿಂತ ದುಬಾರಿ. ಹಾಜರಿ, ಪರೀಕ್ಷೆ, ಪ್ರಾಜೆಕ್ಟ್ ಎಲ್ಲ ಮುಗಿಸಿ ಉಳಿದ ಹೊತ್ತಲ್ಲಿ ಕಂಪನಿ ಕಟ್ಟು ಅಂದರೆ, ಈಜು ಅಂತ ಹೇಳಿ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ ಇದನ್ನು ಬೇರೆ ರೀತಿ ಬಿಡಿಸಿತು. 1957ರಲ್ಲಿ ಶುರುವಾದಾಗಿನಿಂದಲೂ ಅಲ್ಲಿ ಒಂದಷ್ಟು ತಿಂಗಳು ಓದು, ಒಂದಷ್ಟು ತಿಂಗಳು ಹೊರಗೆ ಕೆಲಸ ಅನ್ನುವ ಪದ್ಧತಿ. ಕಂಡುಹಿಡಿದದ್ದು ಕಂಡುಹಿಡಿದವರದ್ದೇ ಅನ್ನುವುದು ಅಲ್ಲಿನ ನಿಯಮ. 2008ರಲ್ಲಿ ಉದ್ಯಮದ ಹುಚ್ಚಿರುವ ವಿದ್ಯಾರ್ಥಿಗಳಿಗೆ ಅಂತಲೇ ಒಂದು ಹಾಸ್ಟೆಲ್ ಮಾಡಿದರು. ಕೆಲಸದ ಆ ತಿಂಗಳುಗಳನ್ನು ಬೇರೆ ಕಂಪನಿಯ ಬದಲು ತಮ್ಮ ಸ್ವಂತ ಕಂಪನಿಯಲ್ಲೇ ಕಳೆಯುವ ದಾರಿಯೂ ಈಗ ಇದೆ.

ಅದೇ ವಾಟರ್‌ಲೂನಲ್ಲಿ 1984ರಲ್ಲಿ ಮೈಕ್ ಲಜಾರಿಡಿಸ್ ಎಂಬ ವಿದ್ಯಾರ್ಥಿ ಡಿಗ್ರಿ ಮುಗಿಯುವ ಮೊದಲೇ ಓದು ಬಿಟ್ಟು ಕಂಪನಿ ಶುರು ಮಾಡಿದ್ದರು. ಮುಂದೆ ಬ್ಲ್ಯಾಕ್‌ಬೆರಿ ಫೋನ್ ಬಂದಿದ್ದು ಆ ಕಂಪನಿಯಿಂದ. 2003ರಲ್ಲಿ ವಿಶ್ವವಿದ್ಯಾಲಯ ಅವರನ್ನು ವಾಪಸ್ ಕರೆಯಿತು, ಕುಲಾಧಿಪತಿಯಾಗಿ.