ಸರ್ವರ್ ನಿಜವಾಗಿ ಬಳಸುತ್ತಿರುವ ಜೆಡಿಬಿಸಿ ಡ್ರೈವರ್‌ನ ಆವೃತ್ತಿ

ಜಾವಾ ಅಪ್ಲಿಕೇಶನ್ ಸರ್ವರ್‌ನಲ್ಲಿ ಡೇಟಾಬೇಸ್ ಡ್ರೈವರ್‌ನ (ಜೆಡಿಬಿಸಿ ಎಂಬ ನಿರ್ದಿಷ್ಟತೆಯಂತೆ ಜಾವಾ ಪ್ರೋಗ್ರಾಂಗೆ ಡೇಟಾಬೇಸ್‌ನ ಸಂಪರ್ಕ ಕಲ್ಪಿಸುವ ತಂತ್ರಾಂಶ) ಆವೃತ್ತಿ ಯಾವುದೆಂದು ಕೇಳಿದರೆ, ನಾವು ಬಹಳಷ್ಟು ಸಲ ಲಿಬ್ ಫೋಲ್ಡರ್ ತೆರೆದು ಜಾರ್ ಕಡತದ (ಜಾವಾ ಕೋಡ್ ಅನ್ನು ಒಟ್ಟುಗೂಡಿಸಿಟ್ಟ ಕಡತ) ಹೆಸರನ್ನು ಓದಿ ಹೇಳುತ್ತೇವೆ. ಆದರೆ ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು. ಅಲ್ಲದೆ ಒರಾಕಲ್‌ನ 'ಓಜೆಡಿಬಿಸಿ8' ಎಂಬಲ್ಲಿನ 8 ಡ್ರೈವರ್‌ನ ಆವೃತ್ತಿಯಲ್ಲ, ಜಾವಾ 8ಕ್ಕೆ ಸಂಬಂಧಿಸಿದ್ದು. ಅದಕ್ಕಿಂತ ನಂಬಲರ್ಹವಾದುದು ಜಾರ್‌ನೊಳಗಿನ ಮ್ಯಾನಿಫೆಸ್ಟ್ ಕಡತ, ಅಂದರೆ ಆ ಜಾರ್‌ನ ವಿವರಗಳನ್ನು ಬರೆದಿಟ್ಟ ಕಡತ. ಅದರ 'ಇಂಪ್ಲಿಮೆಂಟೇಶನ್-ವರ್ಷನ್' ಸಾಲಿನಲ್ಲಿ ಸಾಮಾನ್ಯವಾಗಿ ಆವೃತ್ತಿ ನಮೂದಾಗಿರುತ್ತದೆ.

ಇಷ್ಟಾದರೂ ತಿಳಿಯುವುದು ಡಿಸ್ಕ್‌ನಲ್ಲಿರುವ ಕಡತದ ವಿಷಯ ಮಾತ್ರ. ಜಾರ್ ಬದಲಿಸಿ ಸರ್ವರ್ ಅನ್ನು ಮರುಪ್ರಾರಂಭಿಸದಿದ್ದರೆ ಮೆಮೊರಿಯಲ್ಲಿ ಹಳೆಯ ಕ್ಲಾಸ್‌ಗಳೇ (ಜಾವಾ ಕೋಡ್‌ನ ಘಟಕಗಳು) ಉಳಿದಿರಬಹುದು. ಟಾಮ್‌ಕ್ಯಾಟ್ ಎಂಬ ಸರ್ವರ್‌ನಲ್ಲಿ ಇನ್ನೊಂದು ತೊಡಕಿದೆ, ಇದನ್ನು ನಿಧಾನವಾಗಿ ಅರ್ಥಮಾಡಿಕೊಳ್ಳುವುದು ಒಳ್ಳೆಯದು: ಅಪ್ಲಿಕೇಶನ್ ತಾನೇ ಡ್ರೈವರ್ ಕ್ಲಾಸ್ ಅನ್ನು ಕೇಳಿದಾಗ ಅದರ ವೆಬ್-ಇನ್ಫ್ ಫೋಲ್ಡರ್ ಒಳಗಿನ ಲಿಬ್‌ನಲ್ಲಿರುವ ಪ್ರತಿಗೆ ಮೊದಲ ಆದ್ಯತೆ ದೊರೆಯುತ್ತದೆ; ಆದರೆ ಸರ್ವರ್ ಮಟ್ಟದಲ್ಲಿ ಘೋಷಿಸಿದ ಕನೆಕ್ಷನ್ ಪೂಲ್ (ಮರುಬಳಕೆಗೆ ಸಿದ್ಧವಾಗಿಟ್ಟ ಡೇಟಾಬೇಸ್ ಸಂಪರ್ಕಗಳ ಗುಂಪು) ಸರ್ವರ್‌ನದೇ ಲಿಬ್‌ನಲ್ಲಿರುವ ಪ್ರತಿಯನ್ನು ಬಳಸುತ್ತದೆ. ಹೀಗಾಗಿ ಒಂದೇ ಪ್ರೊಸೆಸ್‌ನಲ್ಲಿ ಎರಡು ಆವೃತ್ತಿಗಳು ಒಟ್ಟಿಗೆ ಇರಲು ಸಾಧ್ಯ.

ಆದ್ದರಿಂದ ಅಪ್ಲಿಕೇಶನ್ ಬಳಸುವ ಅದೇ ಡೇಟಾಸೋರ್ಸ್‌ನಿಂದ (ಡೇಟಾಬೇಸ್ ಸಂಪರ್ಕಗಳನ್ನು ಒದಗಿಸುವ ಮೂಲ) ಕನೆಕ್ಷನ್ ಪಡೆದು, ಅದರ 'ಗೆಟ್‌ಮೆಟಾಡೇಟಾ' ಮೂಲಕ 'ಗೆಟ್‌ಡ್ರೈವರ್‌ನೇಮ್' ಮತ್ತು 'ಗೆಟ್‌ಡ್ರೈವರ್‌ವರ್ಷನ್' ಕರೆಯುವುದೇ ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ. ಪಕ್ಕದಲ್ಲೇ ಇರುವ 'ಗೆಟ್‌ಡೇಟಾಬೇಸ್‌ಪ್ರಾಡಕ್ಟ್‌ವರ್ಷನ್' ಡೇಟಾಬೇಸ್‌ನ ಆವೃತ್ತಿಯನ್ನೂ, 'ಗೆಟ್‌ಜೆಡಿಬಿಸಿಮೇಜರ್‌ವರ್ಷನ್' ಜೆಡಿಬಿಸಿ ನಿರ್ದಿಷ್ಟತೆಯ ಆವೃತ್ತಿಯನ್ನೂ ಕೊಡುತ್ತವೆ, ಇವನ್ನು ಬೆರೆಸಬಾರದು. ಡ್ರೈವರ್ ಮತ್ತು ಡೇಟಾಬೇಸ್‌ಗಳ ಆವೃತ್ತಿಗಳ ನಡುವಿನ ಗೊಂದಲವನ್ನು ತಪ್ಪಿಸಲೆಂದೇ ಪೋಸ್ಟ್‌ಗ್ರೆಸ್ ಡ್ರೈವರ್ 2017ರಲ್ಲಿ 9.4 ಸರಣಿಯಿಂದ ನೇರವಾಗಿ 42ಕ್ಕೆ ಜಿಗಿಯಿತು.

ಯಾವ ಜಾರ್‌ನಿಂದ ಡ್ರೈವರ್‌ನ ಕ್ಲಾಸ್ ಬಂದಿದೆ ಎಂದೂ ತಿಳಿಯಬೇಕಾದರೆ, ಆ ಕ್ಲಾಸ್‌ನ 'ಪ್ರೊಟೆಕ್ಷನ್ ಡೊಮೇನ್', ಅದರ 'ಕೋಡ್ ಸೋರ್ಸ್', ಅದರ 'ಲೊಕೇಶನ್' ಹೀಗೆ ಒಂದೊಂದಾಗಿ ಕೇಳುತ್ತ ಹೋದರೆ ಸಾಮಾನ್ಯವಾಗಿ ಕಡತದ ಪೂರ್ಣ ಮಾರ್ಗ ಸಿಗುತ್ತದೆ. ಪೂಲ್ ಕೊಡುವ ಕನೆಕ್ಷನ್ ಬಹುತೇಕ ಒಂದು ಹೊದಿಕೆಯಷ್ಟೇ ಆಗಿರುವುದರಿಂದ, ಮೊದಲು 'ಅನ್‌ರ‍್ಯಾಪ್' ಮಾಡಿ ಒಳಗಿನ ಕನೆಕ್ಷನ್ ಪಡೆಯಬೇಕು. ಇಲ್ಲವಾದರೆ ಪೂಲ್‌ನ ಜಾರ್‌ನ ವಿಳಾಸವೇ ಉತ್ತರವಾಗಿ ಬರಬಹುದು.

ವೈಲ್ಡ್‌ಫ್ಲೈ ಎಂಬ ಅಪ್ಲಿಕೇಶನ್ ಸರ್ವರ್ ಬಳಸುವವರಿಗೆ ಕೋಡ್ ಬರೆಯುವ ಶ್ರಮ ಕಡಿಮೆ. ಅದರ ಕಮಾಂಡ್‌ಲೈನ್‌ನಲ್ಲಿ ಡೇಟಾಸೋರ್ಸಸ್ ಉಪವ್ಯವಸ್ಥೆಯ 'ಇನ್‌ಸ್ಟಾಲ್ಡ್-ಡ್ರೈವರ್ಸ್-ಲಿಸ್ಟ್' ಚಲಾಯಿಸಿದರೆ ಪ್ರತಿಯೊಂದು ಡ್ರೈವರ್‌ನ ಮೇಜರ್ ಮತ್ತು ಮೈನರ್ ಸಂಖ್ಯೆಗಳು ಕಾಣಿಸುತ್ತವೆ. ಮೂರನೆಯ ಅಂಕಿ ಅಲ್ಲಿರುವುದಿಲ್ಲ. ಭದ್ರತಾ ತಿದ್ದುಪಡಿ ಬಂದಿದೆಯೇ ಎಂದು ನೋಡಲು ಎಷ್ಟೋ ಸಲ ಆ ಅಂಕಿಯೇ ಬೇಕಾಗುವುದರಿಂದ, ಆಗ 'ಗೆಟ್‌ಡ್ರೈವರ್‌ವರ್ಷನ್' ಅನ್ನೇ ಕರೆಯಬೇಕು.